ನಮ್ಮ ಯಜಮಾನರು ಇಟ್ಟ ರಂಗೋಲಿ

ನಮ್ಮ ಯಜಮಾನರು ಸರ್ವೇ ಇಲಾಖೆಯಲ್ಲಿ ಇದ್ದಷ್ಟು ವರ್ಷ ಮನೆಯಲ್ಲಿ ಇದ್ದದ್ದು ಕಡಿಮೆ. ಬುಕ್ಕಾಂಬುಧಿ ಕೆರೆ ಹಿಂದಿನ ಹೊಲ, ಅಂತರಘಟ್ಟೆ ಕಡೆಯ ಗೋಮಾಳ, ಸಖರಾಯಪಟ್ಟಣದ ತೆಂಗಿನ ತೋಟ ಅಂತ ಅಳತೆಯ ಸರಪಳಿ ಹೊರಿಸಿಕೊಂಡು ಹೊರಟರೆ ಮನೆ ಸೇರುವ ಹೊತ್ತಿಗೆ ಹೆಂಚಿನ ಹಾಗೆ ಕಪ್ಪಾಗಿರುತ್ತಿದ್ದರು. ವರ್ಗವಾದಲ್ಲೆಲ್ಲ ಸಂಸಾರ ಹೂಡಿದವಳು ನಾನು. ಕಡೂರಿನಲ್ಲಿ ಕೆಲವು ವರ್ಷ, ತರೀಕೆರೆಯಲ್ಲಿ ಕೆಲವು ವರ್ಷ, ಕೊನೆಗೆ ಅಜ್ಜಂಪುರ. ಅಲ್ಲೇ ರಿಟೈರಾದರು. ಬಾವಿ ನೀರು ಸಿಹಿಯಾಗಿದೆ ಅನ್ನುವ ಒಂದೇ ಕಾರಣಕ್ಕೆ ಒಂದು ಚಿಕ್ಕ ಹೆಂಚಿನ ಮನೆ ಕೊಂಡು ಉಳಿದುಬಿಟ್ಟೆವು. ಅಂಗಡಿಗಳಲ್ಲಿ ಸೇರು, ಪಾವು ಹೋಗಿ ಕಿಲೋ, ಲೀಟರು ಬರುತ್ತಿದ್ದ ಕಾಲ ಅದು.

ಗಂಡ ಮನೆಯಲ್ಲೇ ಇರುತ್ತಾನೆ ಅಂತ ಮೊದಲ ವಾರ ನನಗೂ ಸಂತೋಷವಾಗಿತ್ತು. ಎರಡನೇ ವಾರ ಅವರು ಅಳೆಯುವ ಟೇಪು ಹಿಡಿದು ಮನೆ ಅಳೆಯಲು ಶುರು ಮಾಡಿದರು. ನಡುಮನೆಯ ಗೋಡೆ ಮೂಲೆಮಟ್ಟಕ್ಕೆ ಸರಿಯಾಗಿಲ್ಲ, ಒಂದು ಕಡೆ ಅಗಲ, ಒಂದು ಕಡೆ ಕಿರಿದು ಎಂದು ಗೊತ್ತಾಯಿತು. ಅದೇ ಕೊರಗಿನಲ್ಲಿ ಸರಿಯಾಗಿ ಊಟ ಮಾಡಲಿಲ್ಲ. "ಅಲ್ರೀ, ಇಷ್ಟು ದಿನ ಈ ಗೋಡೆ ಒಳಗೇ ಮಲಗಿ ಎದ್ದಿಲ್ವೇ, ಏನಾಯ್ತೀಗ?" ಅಂದರೆ, "ನಿಂಗೆ ಗೊತ್ತಾಗಲ್ಲ ಸುಮ್ನಿರೇ" ಅನ್ನುವರು. ಆಮೇಲೆ ಅಡಿಗೆಮನೆಗೆ ಬಂದರು. ಮೆಣಸಿನಕಾಯಿ ಡಬ್ಬ ಎಡಕ್ಕೆ ಯಾಕಿದೆ, ಒಲೆಗೂ ಸೌದೆಗೂ ಯಾಕಿಷ್ಟು ದೂರ, ಇವೆಲ್ಲ ಅವರ ಪ್ರಶ್ನೆಗಳು. ಮಧ್ಯಾಹ್ನ ಹೂಬತ್ತಿ ಹೊಸೆಯುತ್ತಾ ಮಾತಾಡಲು ಬರುತ್ತಿದ್ದ ಅಕ್ಕಪಕ್ಕದ ಹೆಂಗಸರು ಜಗಲಿ ಮೇಲೆ ಗಂಡಸು ಕೂತಿರುವುದನ್ನು ಕಂಡು ಹಾಗೇ ಹಿಂದಕ್ಕೆ ಹೋಗುತ್ತಿದ್ದರು.

"ದೇವರೇ, ಇವರಿಗೆ ಏನಾದರೂ ಒಂದು ಕೆಲಸ ಕೊಡಪ್ಪಾ" ಎಂದು ದೀಪ ಹಚ್ಚುವಾಗ ಬೇಡಿಕೊಂಡೆ. ದೇವರು ಕೊಟ್ಟ. ಆದರೆ ನನ್ನ ಕೈ ಮುರಿದು ಕೊಟ್ಟ.

ಅದಕ್ಕೂ ಇವರೇ ಕಾರಣ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಬಚ್ಚಲಿನ ನೀರು ಸರಿಯಾಗಿ ಹರಿಯುತ್ತಿಲ್ಲ ಎಂದು ಗಾರೆಯವನನ್ನು ಕರೆಸಿ, ತಾವೇ ಮುಂದೆ ನಿಂತು, ಮಟ್ಟ ನೋಡಿ, ಹೊಸದಾಗಿ ಕಲ್ಲು ಹಾಕಿಸಿದರು. "ಇನ್ನು ಒಂದು ತೊಟ್ಟು ನೀರು ನಿಲ್ಲಲ್ಲ ನೋಡು" ಎಂದು ಮೀಸೆ ತಿರುವಿದರು. ನೀರು ಹೋಗುವ ಕಂಡಿ ಬಿಟ್ಟು ಹಂಡೆಯ ಬುಡಕ್ಕೆ ಬಂದು ನಿಲ್ಲತೊಡಗಿತು. ಅಲ್ಲಿ ಪಾಚಿ ಕಟ್ಟಿತು. ಒಂದು ಬೆಳಿಗ್ಗೆ ನಾನು ಬಿಸಿನೀರು ತೋಡಲು ಹೋದವಳು ಜಾರಿ ಬಲಗೈ ಊರಿ ಬಿದ್ದೆ. ಮಣಿಕಟ್ಟು ಲಟಕ್ ಅಂದದ್ದು ನನಗೇ ಕೇಳಿಸಿತು.

ಬುಕ್ಕಾಂಬುಧಿ ಕಡೆಯಿಂದ ಮೂಳೆ ಕಟ್ಟುವ ಮುದುಕ ಒಬ್ಬನನ್ನು ಕರೆಸಿದರು. ಅವನು ನನ್ನ ಕೈಯನ್ನು ಹಿಡಿದು ನೋಡಿ, ಬಿದಿರಿನ ದಬ್ಬೆ ಸೀಳಿಟ್ಟುಕೊಂಡು, "ಸ್ವಾಮಿ, ಕೋಳಿಮೊಟ್ಟೆ ಬೇಕಾಯ್ತದೆ. ಅದರ ಬಿಳೀದು ಹಚ್ಚಿ ಕಟ್ಟಿದ್ರೇನೇ ಬಿಗಿ ಬರೋದು" ಅಂದ. ನಮ್ಮ ಮನೆಯ ಹೊಸ್ತಿಲು ದಾಟಿ ಮೊಟ್ಟೆ ಯಾವತ್ತೂ ಒಳಗೆ ಬಂದದ್ದಿಲ್ಲ. ಇವರು ನನ್ನ ಮುಖ ನೋಡಿದರು, ಗೋಡೆ ಮೇಲಿನ ದೇವರ ಪಟ ನೋಡಿದರು. ಆಮೇಲೆ ಕೋಟು ಹಾಕಿಕೊಂಡು ಹೊರಟರು. ಯಾರಿಗೂ ಕಾಣಬಾರದು ಎಂದು ಮೊಟ್ಟೆಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಬರುವಾಗ ಎದುರಿಗೆ ಹಳೆಯ ಪರಿಚಯದ ಶ್ಯಾನುಭೋಗರು ಸಿಕ್ಕಿದ್ದಾರೆ. "ಏನ್ರೀ, ರಿಟೈರಾದ ಮೇಲೆ ಮುಖವೇ ತೋರ್ಸಲ್ಲ!" ಎಂದು ಅವರು ಪ್ರೀತಿಯಿಂದ ತಬ್ಬಿಕೊಂಡುಬಿಟ್ಟರು.

ಇವರು ಕೋಟನ್ನು ಮೈಯಿಂದ ದೂರ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಮೂಳೆ ಕಟ್ಟುವವನು ನೋಡಿ, "ಸ್ವಾಮಿ, ನಾ ಕೇಳಿದ್ದು ಅಮ್ಮಾರ ಕೈಗೆ ಹಚ್ಚಕ್ಕೆ. ನಿಮ್ಮ ಕೋಟಿಗಲ್ಲ" ಅಂದ. ಅಷ್ಟು ನೋವಿನಲ್ಲೂ ನಾನು ನಕ್ಕೆ. ಎರಡನೇ ಸಲ ಚೊಂಬಿನೊಳಗೆ ತೌಡು ಹಾಕಿಕೊಂಡು ಹೋಗಿ, ಅದರಲ್ಲಿ ಹುದುಗಿಸಿ ತಂದರು.

ಕಡೂರಿಗೆ ಕೊಟ್ಟ ಮಗಳು ಕೂಸನ್ನು ಎತ್ತಿಕೊಂಡು ಓಡಿಬಂದು ಒಂದು ವಾರ ಇದ್ದಳು. ಅಷ್ಟರಲ್ಲಿ ಅವಳ ಅತ್ತೆಗೆ ಹುಷಾರಿಲ್ಲವೆಂದು ಹೇಳಿಕಳಿಸಿದ್ದರಿಂದ ಹೋಗಬೇಕಾಯಿತು. ಹೋಗುವಾಗ, "ಅಪ್ಪನ ಕೈಲಿ ಅಡಿಗೆ ಮಾಡಿಸ್ಬೇಡಮ್ಮಾ, ಪಾಪ" ಅಂದಳು. "ಮಾಡಿಸದೆ ಇನ್ನೇನು ಉಪವಾಸ ಇರ್ಲಾ?" ಅಂದೆ.

ನಾನು ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಅಡಿಗೆಮನೆಯಲ್ಲಿ ಮಣೆ ಹಾಕಿ ಕೂತೆ. ಅವರು ಪಂಚೆ ಎತ್ತಿ ಕಟ್ಟಿ ಒಲೆ ಮುಂದೆ ನಿಂತರು.

"ಉಪ್ಪು ಎಷ್ಟು ಹಾಕ್ಲಿ?"

"ಸಾರಿಗೆ ಬೇಕಾದಷ್ಟು."

"ಅದೇ ಎಷ್ಟು ಅಂತ ಕೇಳ್ತಿರೋದು."

"ಕೈಗೆ ಬಂದಷ್ಟು ಹಾಕಿ, ಹದ ನೋಡಿ."

"ಹದ ಅಂದ್ರೆ ಏನೇ? ಅದಕ್ಕೊಂದು ಲೆಕ್ಕ ಇರಬೇಕಲ್ಲ!"

ಲೆಕ್ಕ ಇಲ್ಲ ಎಂದರೆ ಅವರಿಗೆ ನಂಬಿಕೆ ಬರದು. ನಾನೇನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ನೋಡುವರು. ಮೊದಲ ದಿನ ಮುದ್ದೆ ತೊಳಸಿದರು. ಎಸರು ಕುದಿಯುವ ಮುಂಚೆಯೇ ಹಿಟ್ಟು ಸುರಿದು, ಕೋಲಿನಿಂದ ಹೊಲ ಅಗೆಯುವವರ ಹಾಗೆ ತಿರುವಿದರು. ತಟ್ಟೆಗೆ ಬಂದ ಮುದ್ದೆ ಮುರಿದರೆ ಒಳಗೆಲ್ಲ ಹಸಿ ಹಿಟ್ಟಿನ ಗಂಟು. "ಏನ್ರೀ ಇದು, ಮುದ್ದೆ ಒಳಗೆ ಹೊಲದ ಗಡಿಯ ಬಾಂದುಕಲ್ಲು ನೆಟ್ಟಿದ್ದೀರಲ್ಲ?" ಅಂದೆ. ಮುಖ ಸಿಂಡರಿಸಿಕೊಂಡು ತಮ್ಮ ಪಾಲನ್ನು ಒಂದು ಚೂರೂ ಬಿಡದೆ ನುಂಗಿದರು. ಸೋಲು ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ.

ಊಟ ಹೇಗೋ ನಡೆಯಿತು. ತಲೆ ಬಾಚುವುದು ನಡೆಯಲಿಲ್ಲ. ಒಂದು ದಿನ ಬಾಚಣಿಗೆ ಹಿಡಿದು ನನ್ನ ಹಿಂದೆ ಕೂತರು. ಸಿಕ್ಕು ಬಿಡಿಸಲು ಹೋಗಿ ನನ್ನ ಕಣ್ಣಲ್ಲಿ ನೀರು ಬರಿಸಿದರು. ಎದುರುಮನೆಯ ಹುಡುಗಿ ಅದನ್ನು ಕಿಟಕಿಯಿಂದ ನೋಡಿ ಬಂದು, "ದೊಡ್ಡಪ್ಪ, ಕೊಡಿ ಇಲ್ಲಿ" ಎಂದು ಬಾಚಣಿಗೆ ಕಿತ್ತುಕೊಂಡಳು. ಎದುರುಮನೆಯವರು ದವಸದ ವ್ಯಾಪಾರಸ್ಥರು. ಆ ಮನೆಯಾಕೆ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಹುಡುಗಿ ಅವಳ ದೊಡ್ಡ ಮಗಳು, ಬಾಯಿ ತುಂಬ ಮಾತು, ಮದುವೆಗೆ ಬಂದವಳು. ಅವತ್ತಿನಿಂದ ದಿನಾ ಬೆಳಿಗ್ಗೆ ಬಂದು ನನಗೆ ತುರುಬು ಕಟ್ಟಿ, ಹೂ ಮುಡಿಸಿ ಹೋಗುತ್ತಿದ್ದಳು.

ನನಗಿದ್ದ ಇನ್ನೊಂದು ಸಂಕಟ ಬಾಗಿಲ ಮುಂದಿನ ರಂಗೋಲಿ. ಮದುವೆಯಾಗಿ ಬಂದಾಗಿನಿಂದ ನಾನು ಮುಟ್ಟಾದ ದಿನ, ಸೂತಕದ ದಿನ ಬಿಟ್ಟು ಅದನ್ನು ತಪ್ಪಿಸಿದವಳಲ್ಲ. ಬರಿದಾದ ಅಂಗಳ ನೋಡಿದರೆ ಮನೆಯಲ್ಲಿ ಏನೋ ಕೆಟ್ಟದಾಗಿದೆ ಅನ್ನಿಸುವುದು. ಬಾಯಿಬಿಟ್ಟು ಹೇಳಲಿಲ್ಲ. ಬಾಗಿಲಲ್ಲಿ ನಿಂತು ಒಂದೆರಡು ಸಲ ನಿಟ್ಟುಸಿರು ಬಿಟ್ಟಿರಬೇಕು.

ಒಂದು ಬೆಳಿಗ್ಗೆ ಎದ್ದು ಬಂದು ನೋಡಿದರೆ ಅಂಗಳ ಸಾರಿಸಿದೆ, ರಂಗೋಲಿ ಇಟ್ಟಿದೆ! ಅದೂ ಎಂಥ ರಂಗೋಲಿ! ನಾನು ಇಡುವುದು ಬಳ್ಳಿ, ಹೂವು, ಪದ್ಮ. ಇಲ್ಲಿ ಚುಕ್ಕೆಗಳೆಲ್ಲ ದಾರ ಹಿಡಿದು ಇಟ್ಟ ಹಾಗೆ ಒಂದೇ ಸಾಲಿಗೆ ನಿಂತಿವೆ. ಗೆರೆಗಳು ಕೂದಲಿನಷ್ಟು ಸಣ್ಣ, ಎಲ್ಲೂ ದಪ್ಪವಿಲ್ಲ, ಎಲ್ಲೂ ಒಡೆದಿಲ್ಲ. ನಾಲ್ಕು ಮೂಲೆಯೂ ಒಂದೇ ತೂಕ. ದಿಟ್ಟಿಸಿ ನೋಡಿದರೆ ಮಾತ್ರ ಒಂದು ಹೋಬಳಿಯ ಹೊಲಗಳ ನಕ್ಷೆಯನ್ನು ಬಿಡಿಸಿದ ಹಾಗೆ ಕಾಣುತ್ತಿತ್ತು.

ಒಳಗೆ ಬಂದೆ. ಅವರು ಏನೂ ಗೊತ್ತಿಲ್ಲದವರ ಹಾಗೆ ಕಾಫಿ ಸೋಸುತ್ತಿದ್ದರು. ಪಂಚೆಯ ಮಂಡಿಯ ಹತ್ತಿರ ಬಿಳಿ ಪುಡಿ ಮೆತ್ತಿತ್ತು.

"ಯಾರ್ರೀ ರಂಗೋಲಿ ಇಟ್ಟಿದ್ದು?"

"ಯಾರೋ ಇಟ್ಟಿರ್ತಾರೆ. ಕಾಫಿ ಕುಡಿ, ಆರೋಗುತ್ತೆ."

ನಾನೂ ಕೆದಕಲಿಲ್ಲ. ಅವತ್ತಿನಿಂದ ಬೆಳಕು ಹರಿಯುವ ಮುಂಚೆ ಬಾಗಿಲ ಅಗಳಿ ಮೆಲ್ಲಗೆ ತೆಗೆಯುವ ಸದ್ದು ಕೇಳುವುದು. ನಾನು ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದೆ. ದಿನಕ್ಕೊಂದು ಹೊಸ ರಂಗೋಲಿ.

ಬೀದಿಯ ಹೆಂಗಸರು ಬಿಟ್ಟಾರೆಯೇ? ನಾಲ್ಕು ಜನ ಸೇರಿ ಬಂದು ಕೇಳಿದರು. "ಅಕ್ಕಾ, ಕೈ ಮುರಿದ್ರೂ ಹಿಂಗಿಡ್ತೀರಲ್ಲ, ಎಡಗೈಲಿ ಇಡ್ತೀರೇನು?"

ಗಂಡನ ಮರ್ಯಾದೆ ಉಳಿಸಬೇಕಲ್ಲ. "ಹೂಂ ಕಣ್ರೇ, ಎಡಗೈಲೇ" ಅಂದೆ.

"ಬಲಗೈಗಿಂತ ನಿಮ್ಮ ಎಡಗೈಯೇ ವಾಸಿ ಬಿಡಿ!" ಅಂದಳು ಎದುರುಮನೆಯಾಕೆ. ನನಗೆ ಆ ಮಾತು ಸ್ವಲ್ಪ ಚುಚ್ಚಿತು. ಇಷ್ಟು ವರ್ಷ ನಾನಿಟ್ಟ ಪದ್ಮಗಳ ಬಗ್ಗೆ ಒಬ್ಬಳೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಇನ್ನೊಬ್ಬಳು, "ಒಂದು ಚುಕ್ಕೇನೂ ಆಚೀಚೆ ಇಲ್ಲ" ಅಂದಳು. ಒಳಗೆ ನಡುಮನೆಯಲ್ಲಿ ಪೇಪರು ಓದುತ್ತಿದ್ದವರು ತಡೆದುಕೊಳ್ಳಲಾರದೆ, "ಈಶಾನ್ಯ ಮೂಲೇದು ಒಂದು ಸರಿದಿದೆ, ನಾಯಿ ತುಳೀತು" ಅಂದುಬಿಟ್ಟರು.

ಹೆಂಗಸರೆಲ್ಲ ನನ್ನ ಮುಖ ನೋಡಿದರು, ಒಳಗಿನ ಪೇಪರಿನ ಕಡೆ ನೋಡಿದರು. ಆಮೇಲೆ ಎದ್ದ ನಗು ಬೀದಿಯ ಕೊನೆಗೆ ಕೇಳಿಸಿರಬೇಕು. ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ತಲೆಕೆಳಗಾಗಿತ್ತು. ಸಂಜೆಯವರೆಗೆ ನನ್ನ ಹತ್ತಿರ ಮಾತಿಲ್ಲ. "ನಾನೇನು ಮಾಡ್ದೆ? ನೀವೇ ಬಾಯಿಬಿಟ್ಟಿದ್ದು" ಅಂದರೂ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಅಗಳಿಯ ಸದ್ದು ಕೇಳಿತು. ಸದ್ಯ ಅಂದುಕೊಂಡೆ.

ಅದಾದ ಕೆಲವೇ ದಿನಕ್ಕೆ ಎದುರುಮನೆಯ ಹುಡುಗಿಯನ್ನು ನೋಡಲು ತರೀಕೆರೆಯಿಂದ ಗಂಡಿನ ಕಡೆಯವರು ಬರುತ್ತಾರೆ ಎಂದು ಗೊತ್ತಾಯಿತು. ಹಿಂದಿನ ಸಂಜೆ ತಾಯಿ ಮಗಳು ಇಬ್ಬರೂ ಬಂದರು. ತಾಯಿ ಸೆರಗು ತಿರುವುತ್ತಾ, "ಭಾವನೋರೇ, ನಾಳೆ ನಮ್ಮ ಬಾಗಿಲಿಗೂ ಒಂದು..." ಎಂದು ಅರ್ಧಕ್ಕೇ ನಿಲ್ಲಿಸಿದಳು.

"ಛೆ ಛೆ, ನಾನೇನು ಕೂಲಿಯವನೇನಮ್ಮಾ?" ಎಂದರು ಇವರು.

ಹುಡುಗಿ ನನ್ನ ತಲೆಯ ಮೇಲೆ ಕೈಯಿಟ್ಟು, "ದೊಡ್ಡಪ್ಪ, ನಾನು ದಿನಾ ದೊಡ್ಡಮ್ಮಂಗೆ ತಲೆ ಬಾಚಲ್ವಾ? ನಾಳೆಯಿಂದ ನೀವೇ ಬಾಚ್ಕೊಳ್ಳಿ" ಅಂದಳು. ಬಾಚಣಿಗೆಯ ಮಾತು ಬಂದ ಮೇಲೆ ಇವರು ಸೋತರು.

ಮರುದಿನ ಎದುರುಮನೆಯ ಅಂಗಳ ನೋಡಲು ಎರಡು ಕಣ್ಣು ಸಾಲದು. ಅಗಲವಾದ ಅಂಗಳ ಸಿಕ್ಕಿತು ನೋಡಿ, ಇವರು ಕೈ ಬಿಚ್ಚಿಬಿಟ್ಟಿದ್ದರು. ಗಂಡಿನ ಕಡೆಯವರು ಬಸ್ಸಿಳಿದು ಬಂದರು. ಗಂಡು ಅಲ್ಲೇ ತರೀಕೆರೆಯಲ್ಲಿ ಸ್ಕೂಲ್ ಮೇಷ್ಟ್ರು, ಜೊತೆಗೆ ಅವನ ತಾಯಿ ಮತ್ತು ಸೋದರಮಾವ. ಆ ತಾಯಿ ಅಂಗಳದ ಅಂಚಿನಲ್ಲೇ ನಿಂತುಬಿಟ್ಟರು. ತುಳಿಯಲು ಮನಸ್ಸು ಬರದೆ ಗೋಡೆ ಪಕ್ಕಕ್ಕೆ ಸರಿದುಕೊಂಡು ಒಳಗೆ ಬಂದರು. "ಯಾರು ಇಟ್ಟಿದ್ದು ಇದು?" ಎಂದು ಕೇಳಿದರು.

ಹುಡುಗಿಯ ಅಪ್ಪನಿಗೆ ಅಂಗಡಿ ಬಿಟ್ಟು ಬೇರೆ ಏನೂ ಗೊತ್ತಿರಲಿಲ್ಲ. "ಇನ್ಯಾರು, ನಮ್ಮ ಹುಡುಗೀನೇ" ಎಂದು ಎದೆಯುಬ್ಬಿಸಿ ಹೇಳಿಬಿಟ್ಟ.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಬಾಯಿ ತೆರೆದಳು. ತಾಯಿ ಹಿಂದಿನಿಂದ ಚಿವುಟಿದಳು. ಹಿರಿಯರೆಂದು ಚಾಪೆಯ ಮೇಲೆ ಕೂತಿದ್ದ ನಮ್ಮವರ ಕಡೆ ತಿರುಗಿ ಗಂಡಿನ ತಾಯಿ, "ಅಲ್ವೇ ಸ್ವಾಮಿ, ಈ ಕಾಲದಲ್ಲಿ ಇಂಥ ಕೈ ಎಲ್ಲಿ ಸಿಗುತ್ತೆ?" ಅಂದರು. ಇವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳುವ ಹಾಗಿಲ್ಲ. ಕೆಮ್ಮು ಬಂದವರ ಹಾಗೆ ಕೆಮ್ಮುತ್ತಾ ಎದ್ದು ಹೊರಗೆ ಹೋದರು. ನಾನು ತಲೆ ತಗ್ಗಿಸಿ ಕೊರಳಲ್ಲಿ ತೂಗುತ್ತಿದ್ದ ಕೈಯನ್ನೇ ನೋಡುತ್ತಾ ಕೂತೆ.

ಸಂಬಂಧ ಕೂಡಿತು. ಬರೀ ರಂಗೋಲಿಯಿಂದ ಅಂತ ನಾನು ಹೇಳುವುದಿಲ್ಲ. ಹುಡುಗ ಕಾಫಿ ಆರಿಹೋಗುವವರೆಗೂ ಹುಡುಗಿಯನ್ನೇ ನೋಡುತ್ತಿದ್ದ. ನನ್ನ ಕೈಯ ಕಟ್ಟು ಬಿಚ್ಚಿದ ಮೇಲೆ, ಸುಗ್ಗಿ ಮುಗಿಸಿಕೊಂಡು ಮದುವೆ ಆಯಿತು. ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ನೋವೇನೂ ಇಲ್ಲ, ಆದರೆ ಬಗ್ಗಿ ಕೂತು ಗೆರೆ ಎಳೆಯಲು ಹೋದರೆ ಬೆರಳು ನಡುಗುವುದು. "ನಿಧಾನಕ್ಕೆ ಬರುತ್ತೆ ಬಿಡು, ಆತುರ ಏನು?" ಎಂದು ಪುಡಿಯ ಡಬ್ಬ ಕಸಿದುಕೊಳ್ಳುವರು. ಅವರಿಗೇ ಆತುರವಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಗೌರಿಹಬ್ಬಕ್ಕೆ ತವರಿಗೆ ಬಂದ ಹುಡುಗಿ ಚಪ್ಪಲಿ ಬಿಟ್ಟವಳೇ ನಮ್ಮ ಮನೆಗೆ ನುಗ್ಗಿದಳು.

"ದೊಡ್ಡಪ್ಪ, ನಿಮ್ಮಿಂದ ನನ್ನ ಸಂಸಾರ ಕೆಟ್ಟೋಯ್ತು!"

ನಮ್ಮವರು ಬೆಚ್ಚಿಬಿದ್ದರು. ವಿಷಯವೇನೆಂದರೆ, ಅತ್ತೆಯವರು ಹಬ್ಬ ಹುಣ್ಣಿಮೆ ಬಂದರೆ, "ಅವತ್ತು ಇಟ್ಟಿದ್ದೆಯಲ್ಲ, ಅಂಥದ್ದೇ ಒಂದು ಇಡಮ್ಮಾ" ಅನ್ನುತ್ತಾರಂತೆ. "ಒಂದು ಸಲ ತಲೆನೋವು ಅಂದೆ. ಒಂದು ಸಲ ಪುಡಿ ಸರಿಯಿಲ್ಲ ಅಂದೆ. ಇನ್ನೊಂದು ಸಲ ಹೊರಗಾಗದಿದ್ರೂ ಹೊರಗಾದೆ ಅಂತ ಹೇಳಿ ಮೂಲೇಲಿ ಕೂತೆ. ಇನ್ನು ಯಾವ ನೆಪಾನೂ ಉಳಿದಿಲ್ಲ. ಈಗಲೇ ಕಲಿಸಿಕೊಡಿ."

ಕಲಿಸಲು ಕೂತರು. ದಾರ, ಬಳಪ, ಅಳತೆ ಕಡ್ಡಿ ಎಲ್ಲ ಬಂದವು. ಹುಡುಗಿಗೆ ತಾಳ್ಮೆ ಕಡಿಮೆ, ಇವರಿಗೆ ಕೋಪ ಜಾಸ್ತಿ. "ಮೊದಲು ನಡುಗೆರೆ ಹಿಡಿ ಅಂದ್ರೆ ಮೂಲೆಯಿಂದ ಶುರು ಮಾಡ್ತೀಯಲ್ಲೇ!" ಎಂದು ರೇಗಿದರು. ಅವಳು ಮೂಗು ಒರೆಸಿಕೊಂಡು ಅತ್ತಳು. ಅದನ್ನು ಕಂಡು ಇವರು ಬಳಪ ಕೆಳಗಿಟ್ಟು ದಾರವನ್ನು ಉಂಡೆ ಸುತ್ತಿದರು. ಆಮೇಲೆ, "ನಿಜ ಹೇಳಿಬಿಡಮ್ಮ. ಬೇಕಾದ್ರೆ ನನ್ನ ಹೆಸರು ಹೇಳು. ಬೈಸ್ಕೊಳ್ಳೋನು ನಾನು" ಅಂದರು. ತಮ್ಮ ಮರ್ಯಾದೆಯನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅವತ್ತೇ.

ಹುಡುಗಿ ಹೋಗಿ ಗಂಡನಿಗೆ ಹೇಳಿದಳು. ಅವನು ಹೊಟ್ಟೆ ಹಿಡಿದು ನಕ್ಕು ತಾಯಿಗೆ ಹೇಳಿದ. ತಾಯಿ ನಗಲೂ ಇಲ್ಲ, ಬೈಯಲೂ ಇಲ್ಲ. ಸುಮ್ಮನೆ ಬಸ್ಸು ಹತ್ತಿ ಸೊಸೆಯ ಜೊತೆ ಅಜ್ಜಂಪುರಕ್ಕೆ ಬಂದುಬಿಟ್ಟರು. ಬೀಗರ ಮನೆಗೂ ಹೋಗದೆ ನೇರವಾಗಿ ನಮ್ಮ ಬಾಗಿಲಿಗೆ ಬಂದರು.

"ಎಲ್ಲಿ, ನಿಮ್ಮ ಯಜಮಾನರು?"

ಯಜಮಾನರು ಅವರ ದನಿ ಕೇಳಿದ ಕೂಡಲೇ ಹಿತ್ತಲಿಗೆ ಹೋಗಿ ತೆಂಗಿನ ಗಿಡಕ್ಕೆ ನೀರು ಹಾಕುತ್ತಿದ್ದರು. ಹಿಂದಿನ ಸಂಜೆಯಷ್ಟೇ ಜೋರು ಮಳೆಯಾಗಿತ್ತು. ಕೊಡದಲ್ಲಿ ನೀರೂ ಇರಲಿಲ್ಲ. ಆಕೆ ಹಿತ್ತಲ ಬಾಗಿಲಲ್ಲಿ ನಿಂತರು. ಇವರು ಖಾಲಿ ಕೊಡ ಬಗ್ಗಿಸಿಕೊಂಡೇ, "ತಪ್ಪಾಯ್ತಮ್ಮಾ. ಹುಡುಗಿಯದೇನೂ ತಪ್ಪಿಲ್ಲ" ಅಂದರು.

"ತಪ್ಪಿನ ಮಾತು ಯಾಕೆ ಬಿಡಿ" ಅಂದರು ಆಕೆ. ತೊಳೆಯುವ ಕಲ್ಲಿನ ಮೇಲೆ ಕೂತುಕೊಂಡರು. "ನನಗೂ ರಂಗೋಲಿ ಬರಲ್ಲ ಸ್ವಾಮಿ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ಕಾಲಲ್ಲಿ ಅಳಿಸಿ ಇನ್ನೊಂದು ಸಲ ಇಡು, ಇನ್ನೊಂದು ಸಲ ಇಡು ಅಂತ ಕಣ್ಣೀರು ಹಾಕಿಸೋರು. ಅವರು ಹೋಗಿ ಎಷ್ಟೋ ಕಾಲ ಆಯ್ತು. ಆದ್ರೂ ಬಾಗಿಲಿಗೆ ಪುಡಿ ಹಿಡಿದು ಹೋದ್ರೆ ಈಗಲೂ ಎದೆ ಹೊಡ್ಕೊಳ್ಳುತ್ತೆ. ಸೊಸೆಯಾದರೂ ಬಲ್ಲವಳು ಬಂದಳಲ್ಲ ಅಂತ ನನಗೆ ಎಷ್ಟು ನೆಮ್ಮದಿಯಾಗಿತ್ತು ಗೊತ್ತೇ?"

ಹುಡುಗಿ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ಅತ್ತೆಯ ಪಕ್ಕ ಬಂದು ನೆಲದ ಮೇಲೆ ಕೂತಳು. ಆಕೆ ಮೆಲ್ಲಗೆ ಅವಳ ಬೆನ್ನ ಮೇಲೆ ಕೈಯಿಟ್ಟರು.

ಇವರು ಕೊಡ ಕೆಳಗಿಟ್ಟರು. ಕೈ ತೊಳೆದುಕೊಂಡು ಬಂದು, ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ, ಬೀದಿಯವರೆಲ್ಲ ನೋಡುತ್ತಿರುವಾಗ, ಬಾಗಿಲ ಮುಂದೆ ಮಂಡಿಯೂರಿ ಕೂತರು. ಅಲ್ಲಿಯವರೆಗೆ ಅವರು ರಂಗೋಲಿ ಇಡುವುದನ್ನು ನಾನೂ ನೋಡಿರಲಿಲ್ಲ. ಸದ್ದು ಕೇಳಿದ್ದಷ್ಟೇ. ಎರಡು ಬೆರಳ ನಡುವೆ ಪುಡಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆಗೆ ಗೆರೆ ಬಿಡುತ್ತಿದ್ದರು. ಮುಖದಲ್ಲಿ ಸಿಡುಕಿಲ್ಲ, ಅವಸರವಿಲ್ಲ. ಹೊಲಗಳ ನಡುವೆ ಹೀಗೇ ಇರುತ್ತಿದ್ದರೇನೋ, ನಾನು ಕಂಡವಳಲ್ಲ. ತರೀಕೆರೆಯ ಆ ತಾಯಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇಲ್ಲಿಂದ ಹೆಂಗೆ ಹೋದ್ರಿ? ಇನ್ನೊಂದು ಸಲ ತೋರಿಸಿ" ಎಂದು ಕೇಳುತ್ತಲೇ ಇದ್ದರು. ಕೊನೆಗೆ ಆಕೆಯೇ ಒಂದು ಮೂಲೆಗೆ ಚುಕ್ಕೆ ಇಟ್ಟರು. ಸೊಟ್ಟಗೆ ಬಂತು. ಅಳಿಸಲು ಕೈ ಚಾಚಿದಾಗ ಇವರು, "ಇರ್ಲಿ ಬಿಡಿ, ನಾನು ಗೆರೇನೇ ಅಲ್ಲಿಗೆ ತರ್ತೀನಿ" ಎಂದು ಬಗ್ಗಿಸಿ ತಂದು ಸೇರಿಸಿದರು. ನನ್ನ ಸಾರಿನ ಉಪ್ಪಿಗೆ ಲೆಕ್ಕ ಕೇಳಿದ ಮನುಷ್ಯ ಇವರೇನಾ ಅಂದುಕೊಂಡೆ.

ಊಟ ಮಾಡಿಸಿ, ಮೂರು ಗಂಟೆ ಬಸ್ಸಿಗೆ ಅವರಿಬ್ಬರನ್ನೂ ಕಳಿಸಿ ಬಂದೆವು. ಜಗಲಿಯ ಮೇಲೆ ಕಾಲು ಚಾಚಿ ಕೂತು ನಾನೇ ಕೆಣಕಿದೆ.

"ಇನ್ನು ಇಡೀ ತರೀಕೆರೆಗೆ ಗೊತ್ತಾಗುತ್ತೆ ನೋಡಿ."

"ಗೊತ್ತಾಗ್ಲಿ ಬಿಡೇ. ನಾನೇನು ಕಳ್ಳತನ ಮಾಡಿದ್ನಾ?"

"ಹಂಗಾದ್ರೆ ನಾಳೆಯಿಂದ ಹೊತ್ತು ಹುಟ್ಟಿದ ಮೇಲೇ ಇಡ್ತೀರಾ?"

"ಇಡ್ತೀನಿ. ಆದ್ರೆ ಪುಡಿ ಮುಗಿದೋಗಿದೆ. ಸಂತೇಲಿ ತಂದುಬಿಡು."

"ನೀವೇ ತನ್ನಿ. ಇಡೋರು ನೀವು, ಹೊರೋಳು ನಾನಾ?"

ಅವರು ನನ್ನನ್ನು ಏನೂ ತಿಳಿಯದವಳು ಅನ್ನುವ ಹಾಗೆ ನೋಡಿದರು. "ಗಂಡಸರು ಎಲ್ಲಾದ್ರೂ ಸಂತೇಲಿ ನಿಂತು ರಂಗೋಲಿ ಪುಡಿ ಕೊಳ್ತಾರೇನೇ? ನೋಡಿದೋರು ಏನಂದಾರು?" ಎಂದರು.